ಶಂಕೆ, ವಿಚಾರಣೆ, ಶಿಕ್ಷೆ: ವಸಾಹತು ಕಾಲದ ಅಧಿಕಾರಿಗಳು



ನಮ್ಮಲ್ಲಿ ಅನೇಕರ ಹಿರಿಯರು ಸರ್ಕಾರಿ ನೌಕರಿಯಲ್ಲಿದ್ದವರು. ಅಮಾನತು, ಆರೋಪಪಟ್ಟಿ, ಇಲಾಖಾ ವಿಚಾರಣೆ ಎಂಬ ಮಾತುಗಳು ನಮಗೆ ಹೊಸವಲ್ಲ. ಆಪಾದಿತನ ಉತ್ತರವನ್ನು ಕೇಳದೆ ಅವನನ್ನು ದಂಡಿಸಬಾರದೆಂಬುದೇ ಈ ನಿಯಮಗಳ ತಿರುಳು. ಈ ತತ್ತ್ವವನ್ನು ಎತ್ತಿಹಿಡಿದ ಒಂದು ಪ್ರಸಿದ್ಧ ತೀರ್ಪು ನಾವು ನೆಲೆಸಿರುವ ಈ ನಾಡಿಗೇ ಸೇರಿದುದು.

1782ರ ಬ್ರಿಟಿಷ್ ಶಾಸನದಂತೆ, ರಾಜಸನ್ನದಿನಿಂದ ನೇಮಕಗೊಂಡ ವಸಾಹತಿನ ಅಧಿಕಾರಿಯು ಕರ್ತವ್ಯಲೋಪ ಅಥವಾ ದುರ್ನಡತೆ ತೋರಿದರೆ ಗವರ್ನರರು ತಮ್ಮ ಸಭೆಯೊಡನೆ ಕೂಡಿ ಅವನನ್ನು ತೆಗೆದುಹಾಕಬಹುದಿತ್ತು. ಲಂಡನ್ನಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಅವನಿಗಿತ್ತು. ಆದರೆ ತೆಗೆಯುವ ಮುನ್ನ ಅವನ ಸಮಾಧಾನವನ್ನು ಕೇಳಬೇಕೆಂದು ಶಾಸನವು ಸ್ಪಷ್ಟವಾಗಿ ಹೇಳಿರಲಿಲ್ಲ.

ಹಿಡಿತವಿಲ್ಲದ ಅಧಿಕಾರ ಏನು ಮಾಡಬಲ್ಲದೆಂಬುದಕ್ಕೆ ಸಿಡ್ನಿಯೇ ಸಾಕ್ಷಿ. ಪಾಯಿಂಟ್ ಪೈಪರ್ ಬಡಾವಣೆಗೆ ಹೆಸರಿತ್ತ ಕ್ಯಾಪ್ಟನ್ ಜಾನ್ ಪೈಪರ್ ಬಂದರಿನ ಸುಂಕಾಧಿಕಾರಿಯಾಗಿದ್ದರು. ವಸೂಲಾದ ಸುಂಕದಲ್ಲಿ ನೂರಕ್ಕೆ ಇಷ್ಟೆಂಬ ಪಾಲೇ ಅವರ ವರಮಾನ. 1827ರಲ್ಲಿ ಗವರ್ನರ್ ಡಾರ್ಲಿಂಗ್ ಲೆಕ್ಕ ತೆಗೆಸಿದಾಗ ಸುಮಾರು 12,000 ಪೌಂಡ್ ಕೊರತೆ ಕಂಡುಬಂದು, ಪೈಪರ್ ಅಧಿಕಾರ ಕಳೆದುಕೊಂಡರು.

ಇನ್ನೊಂದು ಮುಖವನ್ನು ಮೆಲ್ಬರ್ನ್ ತೋರಿಸುತ್ತದೆ. ಅಲ್ಲಿನ ನ್ಯಾಯಾಧೀಶ ಜಾನ್ ವಾಲ್ಪೋಲ್ ವಿಲ್ಲಿಸ್ ಮೇಲಿದ್ದುದು ಲಂಚದ ಆರೋಪವಲ್ಲ. ನ್ಯಾಯಪೀಠದಲ್ಲಿನ ಅವರ ವರ್ತನೆಯ ಕುರಿತ ದೂರು. 1843ರಲ್ಲಿ ಸಿಡ್ನಿಯಲ್ಲಿದ್ದ ಗವರ್ನರ್ ಗಿಪ್ಸ್, ವಿಲ್ಲಿಸ್‌ರ ಉತ್ತರವನ್ನು ಕೇಳದೆಯೇ ಅವರನ್ನು ಪದಚ್ಯುತಗೊಳಿಸಿದರು. 1846ರಲ್ಲಿ ಪ್ರಿವಿ ಕೌನ್ಸಿಲ್, ತೆಗೆಯಲು ಸಾಕಷ್ಟು ಕಾರಣವಿತ್ತೆಂದು ಒಪ್ಪಿಯೂ, ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ಕೊಡದಿದ್ದುದರಿಂದ ಆ ಆಜ್ಞೆಯನ್ನು ರದ್ದುಗೊಳಿಸಿತು. ವಿಲ್ಲಿಸ್‌ಗೆ ಬಾಕಿ ಸಂಬಳ ದೊರೆಯಿತು. ಅನಂತರವೇ ಅವರ ನೇಮಕವನ್ನು ಕ್ರಮಬದ್ಧವಾಗಿ ಹಿಂತೆಗೆದುಕೊಳ್ಳಲಾಯಿತು.

ನಾಲ್ಕು ವರ್ಷಗಳ ತರುವಾಯ, ಧಾರವಾಡ, ಮಂಗಳೂರುಗಳನ್ನೂ ಒಳಗೊಂಡಿದ್ದ ಕಂಪನಿಯ ಭಾರತದಲ್ಲಿ 1850ರ 37ನೆಯ ಶಾಸನ ಬಂದಿತು. ಮೇಲ್ದರ್ಜೆಯ ಸರ್ಕಾರಿ ಸೇವಕರ ಮೇಲಣ ದೂರುಗಳನ್ನು ವಿಚಾರಿಸುವ ಬಗೆಯನ್ನು ಅದು ನಿಗದಿಗೊಳಿಸಿತು: ಆರೋಪ ಲಿಖಿತವಾಗಿರಬೇಕು, ಅದರ ಪ್ರತಿ ಆಪಾದಿತನಿಗೆ ಮುಂಚಿತವಾಗಿ ತಲುಪಬೇಕು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಅವನಿಗೆ ಅವಕಾಶವಿರಬೇಕು. ಇದೇ ನ್ಯಾಯ ಇಂದು ನಮ್ಮ ಸಂವಿಧಾನದ 311ನೆಯ ವಿಧಿಯಲ್ಲಿಯೂ ಕರ್ನಾಟಕದ 1957ರ ಸೇವಾ ನಿಯಮಗಳಲ್ಲಿಯೂ ನೆಲೆಗೊಂಡಿದೆ.

ಇಷ್ಟೊಂದು ವಿಧಿವಿಧಾನಗಳ ಮರೆಯಲ್ಲಿ ಭ್ರಷ್ಟರು ನುಸುಳಿಕೊಳ್ಳುವರೆಂಬ ಆಕ್ಷೇಪ ಸುಳ್ಳಲ್ಲ. ವರ್ಷಗಟ್ಟಲೆ ಎಳೆಯುವ ವಿಚಾರಣೆ ಭ್ರಷ್ಟನಿಗೆ ವರ, ಪ್ರಾಮಾಣಿಕನಿಗೆ ಶಾಪ. ಆದರೆ ಅದಕ್ಕೆ ಮದ್ದು ವಿಚಾರಣೆಯನ್ನು ಚುರುಕುಗೊಳಿಸುವುದೇ ಹೊರತು ಅದನ್ನು ಕೈಬಿಡುವುದಲ್ಲ. ಮೇಲಧಿಕಾರಿಯ ಅಕ್ರಮಕ್ಕೆ ರುಜು ಹಾಕಲೊಪ್ಪದ ಗುಮಾಸ್ತನ ಮೇಲೂ ಆರೋಪ ಬರಬಹುದು. ಅಂಥವನಿಗೆ ಉತ್ತರ ಹೇಳುವ ಹಕ್ಕೊಂದೇ ಆಸರೆ.