ಹದಿನೈದು ಸೆಂಟಿನ ಬರ್ಗರ್ ಎಷ್ಟು ಅಗ್ಗವಾಗಿತ್ತು?

ಅಮೆರಿಕದಲ್ಲಿ ಎಪ್ಪತ್ತು ದಾಟಿದವರ ನಡುವೆ ಫಾಸ್ಟ್‌ಫುಡ್ ಮಾತು ಬಂತೆಂದರೆ ಹದಿನೈದು ಸೆಂಟಿನ ಹ್ಯಾಂಬರ್ಗರ್ ನೆನಪಾಗದೆ ಇರುವುದಿಲ್ಲ. ಆ ನೆನಪು ಸುಳ್ಳಲ್ಲ. 1955ರ ಏಪ್ರಿಲ್‌ನಲ್ಲಿ ರೇ ಕ್ರಾಕ್ ಶಿಕಾಗೊ ಸಮೀಪದ ಡೆಸ್ ಪ್ಲೇನ್ಸ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದಾಗ ಹ್ಯಾಂಬರ್ಗರ್‌ಗೆ 15 ಸೆಂಟ್, ಆಲೂಗಡ್ಡೆ ಫ್ರೈಸ್‌ಗೆ 10, ಮಿಲ್ಕ್‌ಶೇಕ್‌ಗೆ 20 ಸೆಂಟ್ ಇತ್ತು. ಇಬ್ಬರು ಮೂರನ್ನೂ ಒಂದೊಂದು ತೆಗೆದುಕೊಂಡರೂ ಒಂದು ಡಾಲರಿಗೆ ಚಿಲ್ಲರೆ ವಾಪಸು ಬರುತ್ತಿತ್ತು. ಆದರೆ ಆ ಬೆಲೆಪಟ್ಟಿಯನ್ನು ಇಂದಿನದರ ಪಕ್ಕ ಇಟ್ಟು ‘ಆಗ ಎಲ್ಲವೂ ಅಗ್ಗ, ಈಗ ಬರೀ ಸುಲಿಗೆ’ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ತಿಂಡಿಯ ಬೆಲೆಯನ್ನು ತಿನ್ನುವವನ ದುಡಿಮೆಯ ಜೊತೆಗಿಟ್ಟು ನೋಡಬೇಕು. ಒಂದು ಬರ್ಗರ್ ಕೊಳ್ಳಲು ಎಷ್ಟು ನಿಮಿಷ ದುಡಿಯಬೇಕಿತ್ತು, ಈಗೆಷ್ಟು ದುಡಿಯಬೇಕು ಎಂದು ಕೇಳಿದರೆ ಈ ಹಳೆಯ ನೆನಪು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದು ತಿಳಿಯುತ್ತದೆ.

ಮೊದಲು ಆ ಹದಿನೈದು ಸೆಂಟ್ ಹುಟ್ಟಿದ ಬಗೆ ನೋಡೋಣ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಸಹೋದರರ ಹೋಟೆಲು ಚೆನ್ನಾಗಿಯೇ ನಡೆಯುತ್ತಿತ್ತು. ಗ್ರಾಹಕರು ಕಾರಿನಲ್ಲೇ ಕೂತಿರುತ್ತಿದ್ದರು, ಹುಡುಗಿಯರು ತಟ್ಟೆಯಲ್ಲಿ ತಿಂಡಿ ತಂದುಕೊಡುತ್ತಿದ್ದರು. 1948ರಲ್ಲಿ ಸಹೋದರರು ಅದನ್ನು ಮುಚ್ಚಿ, ಕೆಲವು ತಿಂಗಳ ಮೇಲೆ ಬೇರೆಯದೇ ರೂಪದಲ್ಲಿ ತೆರೆದರು. ತಿಂಡಿ ತಂದುಕೊಡುವವರನ್ನು ಕೆಲಸದಿಂದ ತೆಗೆದರು. ತಟ್ಟೆ, ಚಮಚ, ಫೋರ್ಕು ಎಲ್ಲ ಹೋಗಿ ಕಾಗದದ ಪೊಟ್ಟಣ ಬಂತು. ತೊಳೆಯುವ ಕೆಲಸವೂ ಒಡೆಯುವ ನಷ್ಟವೂ ತಪ್ಪಿತು. ಇಪ್ಪತ್ತೈದರಷ್ಟಿದ್ದ ತಿಂಡಿಗಳು ಒಂಬತ್ತಕ್ಕೆ ಇಳಿದವು. ಅಡುಗೆಮನೆಯಲ್ಲಿ ಮಾಂಸದ ಬಿಲ್ಲೆ ಬೇಯಿಸುವವನೊಬ್ಬ, ಬನ್ನು ಕಟ್ಟುವವನೊಬ್ಬ, ಮಿಲ್ಕ್‌ಶೇಕ್ ಮಾಡುವವನೊಬ್ಬ ಎಂದು ಕಾರ್ಖಾನೆಯಂತೆ ಕೆಲಸ ಹಂಚಿಹೋಯಿತು. ನುರಿತ ಬಾಣಸಿಗನೇ ಬೇಕೆಂದಿರಲಿಲ್ಲ. ಮೂವತ್ತು ಸೆಂಟಿನ ಹ್ಯಾಂಬರ್ಗರ್ ಹದಿನೈದಕ್ಕೆ ಬಂದದ್ದು ಹೀಗೆ. ಬಡಿಸುವವರ ಕೆಲಸವನ್ನು ಗ್ರಾಹಕನೇ ವಹಿಸಿಕೊಂಡದ್ದರಿಂದ, ಅಡುಗೆಯ ಕೈಚಳಕ ಯಂತ್ರಗಳಿಗೂ ಕಟ್ಟುನಿಟ್ಟಿನ ಕ್ರಮಕ್ಕೂ ಹೋದದ್ದರಿಂದ ಆ ಬೆಲೆ ಸಾಧ್ಯವಾಯಿತು. ಬೆಂಗಳೂರಿಗರಿಗೆ ಈ ಲೆಕ್ಕ ಅಪರಿಚಿತವಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ದರ್ಶಿನಿಗಳೂ ಮೇಜು, ಕುರ್ಚಿ, ಸಪ್ಲೈಯರ್ ಇಲ್ಲದೆ, ನಿಂತು ತಿನ್ನುವ ವ್ಯವಸ್ಥೆಯಿಂದಲೇ ಇಡ್ಲಿ–ವಡೆಯನ್ನು ಕೈಗೆಟಕುವ ಬೆಲೆಯಲ್ಲಿ ಕೊಟ್ಟವು.

ಇನ್ನು ದುಡಿಮೆಯ ನಿಮಿಷಗಳು. 1948ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 40 ಸೆಂಟ್. ಅಂದರೆ ಹದಿನೈದು ಸೆಂಟಿಗೆ ಇಪ್ಪತ್ತೆರಡು ನಿಮಿಷಕ್ಕಿಂತ ಹೆಚ್ಚು ದುಡಿಯಬೇಕಿತ್ತು. 1956ರಲ್ಲಿ ಆ ವೇತನ ಒಂದು ಡಾಲರಿಗೆ ಏರಿದಾಗ ಅದೇ ಬರ್ಗರ್ ಒಂಬತ್ತು ನಿಮಿಷದ ದುಡಿಮೆಗೆ ಸಿಗತೊಡಗಿತು. ಬೆಲೆ ಒಂದು ಸೆಂಟೂ ಕದಲಲಿಲ್ಲ, ತಿಂಡಿ ಮಾತ್ರ ಅರ್ಧಕ್ಕಿಂತ ಅಗ್ಗವಾಯಿತು. ಹಿರಿಯರು ಸುವರ್ಣಕಾಲ ಎಂದು ನೆನೆಯುವುದು ಸಂಬಳ ಬೆಲೆಗಿಂತ ವೇಗವಾಗಿ ಏರುತ್ತಿದ್ದ ಆ ಕೆಲವು ವರ್ಷಗಳನ್ನು. ಇದರಲ್ಲಿ ನೋವಿನ ಸಂಗತಿಯೂ ಒಂದಿದೆ. ಹೋಟೆಲ್ ಕೆಲಸಗಾರರನ್ನು ಆ ಕನಿಷ್ಠ ವೇತನದ ಕಾನೂನಿನೊಳಗೆ ತಂದದ್ದು 1966ರ ತಿದ್ದುಪಡಿ. ಅಲ್ಲಿಯವರೆಗೆ ಹದಿನೈದು ಸೆಂಟಿನ ಬರ್ಗರ್ ಕಟ್ಟುತ್ತಿದ್ದ ಹುಡುಗನಿಗೆ ಆ ಒಂದು ಡಾಲರನ್ನು ಹಕ್ಕಿನಿಂದ ಕೇಳಲು ಕಾನೂನಿನ ಬಲ ಇರಲಿಲ್ಲ. ಕೌಂಟರಿನ ಈಚೆಗಿದ್ದವರ ನೆನಪುಗಳಲ್ಲಿ ಈ ಮಾತು ಬರುವುದು ಅಪರೂಪ, ಬರಬೇಕು.

ಬೆಲೆ ಏರಿಸಿದ್ದೆಲ್ಲ ಮಾಲೀಕರ ದುರಾಸೆ, ಮನಸ್ಸು ಮಾಡಿದ್ದರೆ ಹಳೆಯ ದರವನ್ನೇ ಉಳಿಸಬಹುದಿತ್ತು ಎನ್ನುವವರಿದ್ದಾರೆ. ದರವನ್ನು ಒತ್ತಾಯದಿಂದ ಹಿಡಿದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳು ತಿಂಡಿಯ ದರ ಇಳಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಬೆಂಗಳೂರಿನ ಎಂ.ಟಿ.ಆರ್. ರುಚಿಯಲ್ಲಿ ರಾಜಿಯಾಗಲು ಒಪ್ಪದೆ ಇಳಿಸಿದ ದರಕ್ಕೇ ಬಡಿಸಿ, ದಿನದಿನದ ನಷ್ಟದ ಲೆಕ್ಕವನ್ನು ಹೊರಗೆ ಫಲಕದಲ್ಲಿ ಬರೆದು ಹಾಕಿತು. ಕೊನೆಗೆ ಬಾಗಿಲು ಹಾಕಬೇಕಾಯಿತು. ಇನ್ನು ಕೆಲವರು ಅಂದಿನ ಬರ್ಗರೂ ಇಂದಿನ ಬರ್ಗರೂ ಒಂದೇ ಅಲ್ಲವಲ್ಲ ಎಂದು ಆಕ್ಷೇಪಿಸುತ್ತಾರೆ. ಅದು ನ್ಯಾಯವೇ. ಅಂದಿನ ಬಿಲ್ಲೆಯ ತೂಕ ಹಸಿಯಾಗಿದ್ದಾಗಲೇ ಸುಮಾರು 45 ಗ್ರಾಂ. ಅದನ್ನು ಇಂದು ದೊಡ್ಡ ಲೋಟದ ಪಾನೀಯದೊಡನೆ ಕೊಡುವ ಊಟಕ್ಕೆ ಹೋಲಿಸುವುದು ಸಲ್ಲದು.

ಹಾಗಾಗಿ ಇಂದಿಗೂ ಅದೇ ಹೆಸರಿನಲ್ಲಿ ಸಿಗುವ ಒಂದು ತಿಂಡಿಯನ್ನು ಹಿಡಿಯೋಣ. ಪೆನ್ಸಿಲ್ವೇನಿಯಾದ ಯೂನಿಯನ್‌ಟೌನ್‌ನಲ್ಲಿ ಹುಟ್ಟಿದ ಬಿಗ್ ಮ್ಯಾಕ್ 1968ರಲ್ಲಿ ದೇಶದಾದ್ಯಂತ ಮಾರಾಟಕ್ಕೆ ಬಂದಾಗ ಬೆಲೆ 49 ಸೆಂಟ್. ಕನಿಷ್ಠ ವೇತನ 1.60 ಡಾಲರ್. ಲೆಕ್ಕ ಹಾಕಿದರೆ ಹದಿನೆಂಟು ನಿಮಿಷದ ದುಡಿಮೆ. 2024ರಲ್ಲಿ ಅದರ ಸರಾಸರಿ ಬೆಲೆ 5.29 ಡಾಲರ್ ಎಂದು ಕಂಪನಿಯ ಅಮೆರಿಕ ವಿಭಾಗದ ಮುಖ್ಯಸ್ಥರೇ ಹೇಳಿದ್ದರು. 2019ರಲ್ಲಿ ಅದು 4.39 ಇತ್ತು. ಅದೇ 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾ ದೊಡ್ಡ ಫಾಸ್ಟ್‌ಫುಡ್ ಸರಣಿಗಳ ಕೆಲಸಗಾರರಿಗೆ ಗಂಟೆಗೆ 20 ಡಾಲರ್ ಕಡ್ಡಾಯ ಮಾಡಿತು. ಸರಾಸರಿ ಬೆಲೆಯನ್ನೇ ಹಿಡಿದರೆ ಅಲ್ಲಿನ ಕೆಲಸಗಾರನಿಗೆ ಬಿಗ್ ಮ್ಯಾಕ್ ಹದಿನಾರು ನಿಮಿಷದ ದುಡಿಮೆ, 1968ಕ್ಕಿಂತಲೂ ಅಗ್ಗ. ಆದರೆ ಕೇಂದ್ರದ ಕನಿಷ್ಠ ವೇತನ 2009ರ ಜುಲೈನಲ್ಲಿ 7.25 ಡಾಲರಿಗೆ ಬಂದು ನಿಂತದ್ದು ಆಮೇಲೆ ಮೇಲೇಳಲೇ ಇಲ್ಲ. ಅಷ್ಟೇ ಪಡೆಯುವವರು ಈಗ ಕಡಿಮೆ ಎಂಬುದು ನಿಜ. ಕಾರ್ಮಿಕರ ಕೊರತೆಯಿಂದ ಅನೇಕ ಮಳಿಗೆಗಳು ತಾವಾಗಿಯೇ ಹೆಚ್ಚು ಕೊಡುತ್ತಿವೆ. ಆದರೂ ಕಾನೂನು ಖಾತರಿಪಡಿಸುವುದು ಅಷ್ಟನ್ನೇ. 2024ರಲ್ಲಿ 7.25 ಡಾಲರನ್ನೇ ಕನಿಷ್ಠವಾಗಿ ಉಳಿಸಿಕೊಂಡಿದ್ದ ರಾಜ್ಯಗಳಲ್ಲಿ ಬಿಗ್ ಮ್ಯಾಕ್ ಹುಟ್ಟಿದ ಪೆನ್ಸಿಲ್ವೇನಿಯಾವೂ ಒಂದು. ಅಲ್ಲಿ ಆ ಕೂಲಿಗೆ ದುಡಿಯುವವರು ಸರಾಸರಿ ಬೆಲೆಯ ಒಂದು ಬಿಗ್ ಮ್ಯಾಕ್‌ಗಾಗಿ ಸುಮಾರು ನಲವತ್ತನಾಲ್ಕು ನಿಮಿಷ ಕೆಲಸ ಮಾಡಬೇಕಿತ್ತು.