ಓಡಿದ್ದು ಸರಿ, ಹೇಗೆ ಓಡಿದ್ದು?

ಕಳೆದ ಭಾನುವಾರ ಬೆಳಿಗ್ಗೆ ಆರನೇ ತರಗತಿಯ ನನ್ನ ಮೊಮ್ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದು ಕಟ್ಟೆಗೆ ಬಂದು ಕೂತಳು. “ನಿನ್ನ ಮೇಲೇ ಪ್ರಬಂಧ ಬರ್ದೀನಿ, ಓದ್ತೀನಿ ಕೇಳು ತಾತ” ಎಂದಳು.

ನಮ್ಮದು ಗಾದಿಗನೂರು, ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯ ಊರು. ಹೋದ ಮಳೆಗಾಲದ ಒಂದು ರಾತ್ರಿ ಇವಳ ಅಜ್ಜಿಗೆ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಯಿತು. ನಾನು ಹೆದ್ದಾರಿಯವರೆಗೂ ಓಡಿ, ಬರುತ್ತಿದ್ದ ಲಾರಿಗೆ ಅಡ್ಡ ನಿಂತು, ಅದರಲ್ಲೇ ಅವಳನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. ಈಗ ಅವಳು ಹುಷಾರಾಗಿದ್ದಾಳೆ. ಪ್ರಬಂಧದಲ್ಲಿ ಆ ಸಂಗತಿ ಹೀಗಿತ್ತು: ‘ಮೈ ಗ್ರ್ಯಾಂಡ್‌ಫಾದರ್ ಸ್ಕ್ಯಾಂಪರ್ಡ್ ಟು ದ ಹೈವೇ.’

“ಸ್ಕ್ಯಾಂಪರ್ ಅಂದ್ರೇನಮ್ಮ?”

“ಓಡೋದು! ರನ್ ಅಂತ ನಾಕು ಸಲ ಬಂದಿತ್ತು. ಅದಕ್ಕೇ ಸಿನಾನಿಮ್ ಪಟ್ಟಿ ನೋಡಿ ಒಂದನ್ನ ಬದಲಾಯಿಸ್ದೆ. ಇಂಗ್ಲಿಷ್‌ನಾಗ ಎಷ್ಟೊಂದು ಪದ ಅದಾವೆ ತಾತ! ಕನ್ನಡದಾಗ ಓಡು ಅನ್ನೋದು ಒಂದೇ ಅಲ್ವಾ?”

ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಈ ಮಾತು ಕೇಳಿ ಸುಮ್ಮನಿರಲು ಆಗುತ್ತದೆಯೇ? “ಪಟ್ಟಿ ತಗೊಂಡು ಬಾ, ಊರೆಲ್ಲ ಸುತ್ತಿ ಬರೋಣ” ಎಂದೆ.

ಎದುರು ಮನೆಯ ಅಂಗಳದಲ್ಲಿ ಮೇಕೆಮರಿಗಳು ಚಂಗುಚಂಗನೆ ಓಡಾಡುತ್ತಿದ್ದವು. “ನೋಡು, ಇದು ಸ್ಕ್ಯಾಂಪರ್. ಪುಟ್ಟ ಕಾಲು, ಹಗುರ ಹೆಜ್ಜೆ, ಹೆಚ್ಚಾಗಿ ಆಟದ ಹುರುಪು.” ಹೊಲದ ಬದುವಿನಲ್ಲಿ ಗೌಜಲಹಕ್ಕಿಯೊಂದು ನಮ್ಮನ್ನು ಕಂಡು ಹಾರದೆ, ಗುಡುಗುಡು ಓಡಿ ಪೊದೆಗೆ ನುಗ್ಗಿತು. ಅದು ಸ್ಕರಿ. ಇಲಿ ಓಡುವುದೂ ಹಾಗೆಯೇ. ಬಂಡೆಯ ಮೇಲೆ ಕಲ್ಲಿನಂತೆ ಕೂತಿದ್ದ ಓತಿಕ್ಯಾತ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಚೆ ಬಂಡೆಯಲ್ಲಿತ್ತು. ಅದು ಡಾರ್ಟ್. ಕೈಯಿಂದ ಎಸೆಯುವ ಚಿಕ್ಕ ಭರ್ಜಿಗೆ ಇಂಗ್ಲಿಷ್‌ನಲ್ಲಿ ಡಾರ್ಟ್ ಎನ್ನುತ್ತಾರೆ. ಎಸೆದ ಭರ್ಜಿಯಂತೆ ಸರಕ್ಕನೆ ಹೋಗುವುದಕ್ಕೂ ಅದೇ ಹೆಸರಾಯಿತು.

“ಹಂಗಾದ್ರೆ ಬೋಲ್ಟ್?” ಅದೂ ಬಾಣದ ಹೆಸರೇ, ಗಿಡ್ಡ ದಪ್ಪ ಬಾಣ. ಎತ್ತು ಬೆದರಿ ಹಗ್ಗ ಕಿತ್ತುಕೊಂಡು ಓಡಿದರೆ ಅದು ಬೋಲ್ಟ್. ಜಮೈಕಾದ ಉಸೇನ್ ಬೋಲ್ಟ್‌ಗೆ ಅದು ಮನೆತನದ ಹೆಸರು. 2009ರಲ್ಲಿ ಬರ್ಲಿನ್‌ನಲ್ಲಿ ಅವರು 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ಮಾತ್ರ ಸ್ಪ್ರಿಂಟ್. ಮೈಯ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಸ್ವಲ್ಪ ದೂರ ಓಡುವ ಓಟ ಅದು. ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕಿದಾಗ ಮಳೆ ಹನಿ ಬಿದ್ದರೆ ಒಳಗಿನಿಂದ ಓಡಿ ಬರುತ್ತೇವಲ್ಲ, ಅದು ಡ್ಯಾಶ್. ಬೆಳಗಿನ ಹೊತ್ತು ಆರೋಗ್ಯಕ್ಕೆಂದು ನಿಧಾನವಾಗಿ ಓಡುವುದು ಜಾಗ್.

ಟ್ರಾಟ್ ಮತ್ತು ಗ್ಯಾಲಪ್ ಕುದುರೆಯ ಓಟಗಳು. ನಮ್ಮ ಪಕ್ಕದ ಹಂಪಿಗೆ ಅರಬ್ ನಾಡಿನಿಂದ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದವು. ಮಹಾನವಮಿ ದಿಬ್ಬದ ಗೋಡೆಯ ಮೇಲೆ ಈಗಲೂ ಕುದುರೆಗಳ ಸಾಲುಸಾಲು ಕೆತ್ತನೆ ಇದೆ. ಅಂಥ ಕಡೆ ಕುದುರೆಯೋಟಕ್ಕೆ ಪದ ಇಲ್ಲದಿದ್ದೀತೆ? ಟ್ರಾಟ್‌ಗೆ ಕುಕ್ಕುಲೋಟ, ಗ್ಯಾಲಪ್‌ಗೆ ನಾಗಾಲೋಟ.

“ನಾಗರಹಾವು ಓಡಿದಂಗಾ?” ಎಂದಳು. ಬಹಳ ಜನ ಹಾಗೇ ತಿಳಿದಿದ್ದಾರೆ. ನಾಗಾಲು ಎಂದರೆ ನಾಲ್ಕು ಕಾಲು. ನಾಲ್ಕೂ ಕಾಲು ಎತ್ತಿ ಓಡುವುದೇ ನಾಗಾಲೋಟ. ಹೀಗೆ ಓಡುವಾಗ ಒಂದು ಕ್ಷಣ ಕುದುರೆಯ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವೆ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಇದನ್ನು ಚಿತ್ರದಲ್ಲಿ ತೋರಿಸಿದ.

ಮನೆಗೆ ಬಂದು ಕನ್ನಡದ ಪಟ್ಟಿ ಶುರುಮಾಡಿದೆವು. ಧಾವಿಸು, ದೌಡಾಯಿಸು, ಓಟ ಕೀಳು, ಕಾಲ್ಕೀಳು, ಪರಾರಿಯಾಗು. ‘ಕಾಲಿಗೆ ಬುದ್ಧಿ ಹೇಳು’ ಎಂದಾಗ ಅವಳಿಗೆ ನಗು ತಡೆಯಲಿಲ್ಲ. ಆಮೇಲೆ ಬಿದ್ದಂಬೀಳ ಓಡು, ದಡದಡ ಓಡು, ತುರುತುರು ಓಡು, ಏದುಸಿರು ಬಿಡುತ್ತಾ ಓಡು. ಪಟ್ಟಿ ಒಂದು ಪುಟ ದಾಟಿತು.

“ಗೊತ್ತಾಯ್ತಾ? ಇಂಗ್ಲಿಷ್‌ನವರು ಹೇಗೆ ಓಡಿದ ಅನ್ನೋದನ್ನ ಕ್ರಿಯಾಪದದ ಒಳಗೇ ಇಡ್ತಾರೆ. ನಾವು ಓಡು ಅನ್ನೋದನ್ನ ಹಾಗೇ ಬಿಟ್ಟು, ಅದರ ಮುಂದೆ ಒಂದು ಪದ ಕೂರಿಸ್ತೀವಿ. ಅದರಿಂದ ನಾವೇನೂ ಬಡವರಲ್ಲ. ಇನ್ನೊಂದು ತಮಾಷೆ ನೋಡು. ಅವರು ಅಂಗಡೀನ ರನ್ ಮಾಡ್ತಾರೆ, ಅಂದ್ರೆ ಓಡಿಸ್ತಾರೆ. ನಾವು ಅಂಗಡಿ ನಡೆಸ್ತೀವಿ!”

ಅವಳು ತನ್ನ ವಾಕ್ಯಕ್ಕೆ ಮರಳಿದಳು. ಮೇಕೆಮರಿಯ ಓಟದ ಪದವನ್ನು ತಾನೇ ಹೊಡೆದುಹಾಕಿದಳು. “ಆವತ್ತು ಹೆಂಗ ಓಡಿದೆ ತಾತ?”

“ಎದ್ದೆನೋ ಬಿದ್ದೆನೋ ಅಂತ ಓಡಿದೆ. ಇಂಗ್ಲಿಷ್‌ನಲ್ಲಿ ರಶ್ಡ್ ಅಂತ ಬರಿ, ಸರಿಹೋಗುತ್ತೆ.”

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದಳು: “ನಿಮ್ಮ ತಾತ ಒಂದೇ ಚಪ್ಪಲಿಯಾಗ ಓಡಿದ್ರು. ಇನ್ನೊಂದು ಹೊಸ್ತಿಲ ಹತ್ರಾನೇ ಬಿದ್ದಿತ್ತು. ಉಸಿರು ಸಿಗದಿದ್ರೂ ನಾನು ಅದನ್ನೇ ನೋಡ್ತಾ ಮಲಗಿದ್ದೆ.”

ನನಗೇ ಅದು ನೆನಪಿರಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಳು. “ಒಂದೇ ಚಪ್ಪಲಿಯಾಗ ಓಡೋದಕ್ಕೆ ಇಂಗ್ಲಿಷ್‌ನಾಗ ಏನಂತಾರೆ?”

“ಅದಕ್ಕೆ ಪದ ಇಲ್ಲಮ್ಮ. ಇದ್ದದ್ದನ್ನ ಇದ್ದಹಾಗೇ ಬರಿ.”

ಅವಳು ‘ರನ್’ನ ಭೂತಕಾಲ ‘ರ‍್ಯಾನ್’ ಅನ್ನೇ ಮತ್ತೆ ಬರೆದು, ಅದರ ಮುಂದೆ ಒಂದು ಚಪ್ಪಲಿಯ ಸಂಗತಿ ಸೇರಿಸಿದಳು. ಆ ಓಟ ಈಗ ನನ್ನದಾಯಿತು.

ಮಕ್ಕಳೇ, ನೀವೂ ಮಾಡಿ ನೋಡಿ. ಓಡುವ ಐದು ಪ್ರಾಣಿಗಳನ್ನು ನೋಡಿ, ಒಂದೊಂದರ ಓಟಕ್ಕೂ ಒಂದು ಕನ್ನಡ ಪದ, ಒಂದು ಇಂಗ್ಲಿಷ್ ಪದ ಬರೆಯಿರಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ: “ನೀವು ಜೀವನದಲ್ಲಿ ಅತಿ ಜೋರಾಗಿ ಓಡಿದ್ದು ಯಾವಾಗ?” ಹಿರಿಯರೇ, ಉತ್ತರ ಹೇಳುವಾಗ ಚಪ್ಪಲಿಯ ವಿಷಯ ಮರೆಯಬೇಡಿ.