ಅಟ್ಟದ ಮೇಲಿನ ಕ್ಯಾಮೆರಾ, ಡಬ್ಬಿಯೊಳಗಿನ ಊರು

ಹಳೇ ಕ್ಯಾಮೆರಾ ಕೂಡಿಡುವುದು ದೊಡ್ಡ ಪಟ್ಟಣದವರ ಶೋಕಿ ಅಂತ ಬಹಳ ಜನ ತಿಳಿದಿದ್ದಾರೆ. ಒಮ್ಮೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಬನ್ನಿ. ಬಾಗಿಲು ಹಾಕಿದ ಸ್ಟುಡಿಯೊಗಳ ಕಪಾಟಿನಲ್ಲಿ, ನಿವೃತ್ತ ಮಾಸ್ತರರ ಟ್ರಂಕಿನಲ್ಲಿ, ನೇಕಾರರ ಮನೆಯ ಅಟ್ಟದ ಮೇಲೆ ಇನ್ನೂ ಕ್ಯಾಮೆರಾಗಳು ಮಲಗಿವೆ. ಅವುಗಳಲ್ಲಿ ಎಷ್ಟೋ ಇವತ್ತಿಗೂ ಕೆಲಸ ಮಾಡುತ್ತವೆ. ಅದಕ್ಕೆ ನಮ್ಮ ಹವೆಗೆ ಒಂದು ನಮಸ್ಕಾರ ಹೇಳಬೇಕು.

ಹಳೇ ಲೆನ್ಸಿನ ದೊಡ್ಡ ವೈರಿ ಬೂಷ್ಟು. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿ, ಮಲೆನಾಡಿನಲ್ಲಿ ಅದು ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುತ್ತದೆ. ಎರೆ ಹೊಲದ ನಮ್ಮ ಸೀಮೆಯ ಒಣಹವೆಯಲ್ಲಿ ಅದರ ಆಟ ಅಷ್ಟು ನಡೆಯುವುದಿಲ್ಲ. ಇಲ್ಲಿಯ ಕಾಟವೇ ಬೇರೆ: ಧೂಳು, ಶೆಕೆಗೆ ಗಟ್ಟಿಯಾದ ಗ್ರೀಸು, ಮುಟ್ಟಿದರೆ ಅಂಟುವ ಫೋಮು. ಇವನ್ನು ತಾಳ್ಮೆಯಿದ್ದರೆ ಸರಿ ಮಾಡಿಸಬಹುದು. ಬೂಷ್ಟು ಗಾಜಿನ ಲೇಪನವನ್ನೇ ತಿಂದುಬಿಟ್ಟರೆ ಮಾತ್ರ ಮಾಡುವಂಥದ್ದೇನೂ ಉಳಿಯುವುದಿಲ್ಲ.

ನಮ್ಮ ಕಡೆ ಸಿಗುವ ಮೂರು

ಮೊದಲನೆಯದು ಆಗ್ಫಾ ಕ್ಲಿಕ್-3. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾದ ದೇಸಿ ಡಬ್ಬಿ. ಬ್ಯಾಟರಿ ಇಲ್ಲ, ಮೀಟರ್ ಇಲ್ಲ, ಫೋಕಸ್ ಹೊಂದಿಸುವ ಗೊಡವೆ ಇಲ್ಲ. ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ಬರುವವರೆಗೆ ಫಿಲ್ಮ್ ಸುತ್ತಬೇಕು, ಒತ್ತಬೇಕು. ಒಂದು ರೋಲಿಗೆ 12 ಚೌಕ ಚಿತ್ರ. ಅಂಚು ಸ್ವಲ್ಪ ಮಸುಕು, ನಡುವೆ ಚೊಕ್ಕ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ.

ಎರಡನೆಯದು ರಷ್ಯಾದ ಜೆನಿಟ್-ಇ. ಕೈಯಲ್ಲಿ ಹಿಡಿದರೆ ಒಳಕಲ್ಲು ಎತ್ತಿದ ಹಾಗೆ ಭಾರ. ಅದರ ಹೀಲಿಯೋಸ್ 58 ಮಿ.ಮೀ. ಲೆನ್ಸು ಮುಖಚಿತ್ರಕ್ಕೆ ಬಹಳ ಚೆಂದ. ಕೊಳ್ಳುವ ಮುಂಚೆ ಹಿಂಬಾಗಿಲು ತೆಗೆದು ಷಟರಿನ ಬಟ್ಟೆಗೆ ಬ್ಯಾಟರಿ ಬೆಳಕು ಹಿಡಿದು ನೋಡಿ. ಹಳತಾದ ಬಟ್ಟೆಗೆ ಕೆಲವೊಮ್ಮೆ ಸಣ್ಣ ತೂತು ಬಿದ್ದಿರುತ್ತದೆ. ಆಗ ಪ್ರತಿ ಚಿತ್ರದಲ್ಲೂ ಒಂದು ಸುಳ್ಳು ಸೂರ್ಯ ಕಾಣಿಸುತ್ತಾನೆ.

ಮೂರನೆಯದು ಸ್ಟುಡಿಯೊದವರ ಪ್ರೀತಿಯ ಯಾಶಿಕಾ ಮ್ಯಾಟ್-124ಜಿ. 1970ರಿಂದ 1986ರವರೆಗೆ ತಯಾರಾಯಿತು. ಎರಡು ಕಣ್ಣು: ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡಬೇಕು, ಎಡ ಬಲ ಅದಲುಬದಲಾಗಿ ಕಾಣುತ್ತದೆ. ಇದರ ಮೀಟರಿಗೆ ಬೇಕಾದ ಪಾದರಸದ ಸೆಲ್ಲು ಈಗ ಪೇಟೆಯಲ್ಲಿ ಇಲ್ಲ. ಚಿಂತೆ ಬೇಡ, ಮೀಟರ್ ಸತ್ತರೂ ಷಟರ್ ನಡೆಯುತ್ತದೆ. ನಿಧಾನ ವೇಗಗಳಲ್ಲಿ, ಅಂದರೆ 1 ಸೆಕೆಂಡು, ಅರ್ಧ ಸೆಕೆಂಡಿನಲ್ಲಿ ಅದು ತಡವರಿಸುತ್ತದೆಯೇ ಅಂತ ಕಿವಿಗೊಟ್ಟು ಕೇಳಿ.

ಫಿಲ್ಮ್ ಎಲ್ಲಿಂದ ಬರಬೇಕು ಅಂತೀರಾ? ಕ್ಲಿಕ್ ಮತ್ತು ಯಾಶಿಕಾ ಎರಡಕ್ಕೂ ಬೇಕಾದ 120 ಅಳತೆಯ ರೋಲನ್ನು ಕೊಡಾಕ್ ತಂದದ್ದು 1901ರಲ್ಲಿ. ಅದು ಇಂದಿಗೂ ತಯಾರಾಗುತ್ತದೆ, ಅಂಚೆಯಲ್ಲಿ ಮನೆಗೇ ಬರುತ್ತದೆ. ಹತ್ತು ವರ್ಷದ ಹಿಂದಿನ ಮೊಬೈಲಿಗೆ ಬ್ಯಾಟರಿ ಹುಡುಕಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಬಿಸಿಲೇ ಮೀಟರ್

ಮೀಟರ್ ಇಲ್ಲದಿದ್ದರೆ ಹಳೆಯವರ ಲೆಕ್ಕ ಒಂದಿದೆ. ಚುರುಕು ಬಿಸಿಲಿನಲ್ಲಿ ಅಪರ್ಚರ್ 16ಕ್ಕೆ ಇಡಿ. ಫಿಲ್ಮಿನ ವೇಗ ಎಷ್ಟೋ, ಸೆಕೆಂಡಿನ ಅಷ್ಟನೇ ಭಾಗ ಷಟರ್ ಇಡಿ. 100ರ ಫಿಲ್ಮಿಗೆ 1/125, 400ರ ಫಿಲ್ಮಿಗೆ 1/500. ಗಜೇಂದ್ರಗಡದ ಗುಡ್ಡದ ಮೇಲೆ ನಡುಹಗಲಿನಲ್ಲಿ ನಿಂತರೆ ಈ ಲೆಕ್ಕ ತಪ್ಪುವುದೇ ಇಲ್ಲ.

ಇದರಲ್ಲೇ ಫಿಲ್ಮ್ ಆರಿಸುವ ಗುಟ್ಟೂ ಇದೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಹೆಸರುವಾಸಿ ಫಿಲ್ಮು, ವೇಗ 400. ಜೆನಿಟ್-ಇಯ ಗರಿಷ್ಠ ವೇಗವೇ 1/500, ಹೀಲಿಯೋಸಿನ ಅತಿ ಸಣ್ಣ ಅಪರ್ಚರ್ 16. ಅಂದರೆ ನಮ್ಮ ಬಿಸಿಲಿಗೆ ಎರಡೂ ತುದಿ ಮುಟ್ಟಿಬಿಟ್ಟವು, ಹೊಂದಿಸಿಕೊಳ್ಳಲು ಜಾಗವೇ ಇಲ್ಲ. ಅದನ್ನು ಸಂಜೆಗೆ, ಗುಡಿಯೊಳಗೆ, ಪಡಸಾಲೆಗೆ ಇಟ್ಟುಕೊಳ್ಳಿ. ಹಗಲಿಗೆ 125 ವೇಗದ ಎಫ್‌ಪಿ4 ಪ್ಲಸ್ ಸರಿ. ಸೂಡಿಯ ಜೋಡು ಕಳಸದ ಗುಡಿಯ ಕೆತ್ತನೆ, ನಾಗಕುಂಡದ ಮೆಟ್ಟಿಲುಗಳ ನೆರಳು ಅದರಲ್ಲಿ ಸಣ್ಣ ಹರಳಿನೊಂದಿಗೆ ಸ್ವಚ್ಛವಾಗಿ ಬರುತ್ತವೆ. ಬಣ್ಣ ಬೇಕಾದವರಿಗೆ ಕೊಡಾಕ್ ಗೋಲ್ಡ್ 200 ಇದೆ. ಜೋಳ ಕೊಯ್ಲಿನ ಕಾಲದ ಸಂಜೆಯನ್ನು ಅದು ಇನ್ನಷ್ಟು ಹಳದಿ ಮಾಡುತ್ತದೆ, ನನಗಂತೂ ಅದು ಇಷ್ಟ.

ಎರೆ ಮಣ್ಣು ಕಪ್ಪು, ಅಜ್ಜಂದಿರ ಧೋತರ ಬಿಳುಪು. ಎರಡೂ ಒಂದೇ ಚಿತ್ರದಲ್ಲಿದ್ದಾಗ ನೆರಳಿನ ಕಡೆಗೆ ಲೆಕ್ಕ ಹಾಕಿ. ಫಿಲ್ಮು ಹೆಚ್ಚಾದ ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆಯಾದದ್ದನ್ನು ಕ್ಷಮಿಸುವುದಿಲ್ಲ.

ಒಂದು ಕಾಲಕ್ಕೆ ನಮ್ಮದೇ ದೇಶದ ಫಿಲ್ಮೂ ಇತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ತಯಾರಿಕೆ ಶುರು ಮಾಡಿತು, ಹೆಸರು ‘ಇಂದು’. ಆ ಕಾರ್ಖಾನೆ ಮುಚ್ಚಿದೆ. ಖಾಲಿ ಡಬ್ಬಿ ಸಿಕ್ಕರೂ ಎಸೆಯಬೇಡಿ.

ಮಡಿಕೆ ನೀರು, ಸವಳು ನೀರು

ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬಹುದು. ಡೆವಲಪರಿನ ಲೆಕ್ಕವೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ ಬರೆದಿರುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ನಳದ ನೀರೇ ಕಾದಿರುತ್ತದೆ, ಆ ನೀರಿನಲ್ಲಿ ಮಾಡಿದರೆ ನೆಗೆಟಿವ್ ಕರ್ರಗಾಗುತ್ತದೆ. ರಾತ್ರಿಯಿಡೀ ಮಣ್ಣಿನ ಮಡಿಕೆಯಲ್ಲಿಟ್ಟ ನೀರು ತೆಗೆದುಕೊಂಡು, ಉಳಿದ ಶೆಕೆಯನ್ನು ಮಂಜುಗಡ್ಡೆಯ ಬೋಗುಣಿಯಲ್ಲಿ ಇಳಿಸಿಕೊಳ್ಳಿ. ಬೋರಿನ ನೀರು ಸವಳಾಗಿದ್ದರೆ ಒಣಗಿದ ಫಿಲ್ಮಿನ ಮೇಲೆ ಬಿಳೀ ಕಲೆ ಕೂಡುತ್ತವೆ. ಗಾಡಿಯ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕೊನೆಯ ಸಲ ಜಾಲಾಡಿದರೆ ಆಯಿತು. ಧೂಳು ಏಳದ ಬಚ್ಚಲುಮನೆಯಲ್ಲಿ ನೇತುಹಾಕಿ ಒಣಗಿಸಿ.

ಕ್ಯಾಮೆರಾಕ್ಕಿಂತ ಡಬ್ಬಿ ದೊಡ್ಡದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಕ್ಯಾಮೆರಾ ಹುಡುಕಿಕೊಂಡು ರೋಣದ ಹಳೆಯ ಫೋಟೋಗ್ರಾಫರ್ ಒಬ್ಬರ ಮನೆಗೆ ಹೋಗಿದ್ದೆ. ಯಾಶಿಕಾ ತೋರಿಸಿದರು, ಜೊತೆಗೆ ಬಿಸ್ಕೀಟಿನ ದೊಡ್ಡ ಡಬ್ಬಿಯೊಂದನ್ನೂ ಮುಂದಿಟ್ಟರು.

“ಕ್ಯಾಮೆರಾ ಯಾವಾಗರೆ ಒಯ್ಯಪಾ ತಮ್ಮಾ, ಮೊದಲ ಈ ಡಬ್ಬಿ ಒಯ್ಯಿ. ಇದರಾಗ ಅರ್ಧ ಊರು ಐತಿ.”

“ಹೆಸರು ಬರದಿಟ್ಟೀರೇನು ಕಾಕಾ?”

“ಒಂದ್ ವಹಿ ಇತ್ತು, ಗೆದ್ದಲ ತಿಂತು. ನನಗ ನೆನಪ ಐತಿ, ಕೂಡು, ಹೇಳ್ತೀನಿ.”

ಎರಡು ಭಾನುವಾರ ಕೂತೆವು. ಮೊಬೈಲಿನಲ್ಲಿ ನೆಗೆಟಿವನ್ನು ಪಾಸಿಟಿವ್ ಮಾಡಿ ತೋರಿಸುತ್ತ ಹೋದೆ, ಅವರು ಹೆಸರು ಹೇಳುತ್ತ ಹೋದರು. ಒಂದು ಮದುವೆಯ ಗುಂಪಿನ ತುದಿಯಲ್ಲಿ ತಂಬಿಗೆ ಹಿಡಿದ ಹೆಣ್ಣುಮಗಳೊಬ್ಬಳಿದ್ದಳು. ಆಕೆಯ ಮಗ ಪಕ್ಕದ ಹಳ್ಳಿಯಲ್ಲಿದ್ದಾನೆ ಅಂದರು. ಈಗ ಅರವತ್ತು ದಾಟಿದ ಆ ಮಗನ ಹತ್ತಿರ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಯಾಶಿಕಾದ ನೆಗೆಟಿವ್ ಆರು ಸೆಂಟಿಮೀಟರಿನ ಚೌಕ, ಹಾಗಾಗಿ ಮೂಲೆಯ ಮುಖವನ್ನು ದೊಡ್ಡದು ಮಾಡಿದರೂ ಕಣ್ಣು ಮೂಗು ಒಡೆಯಲಿಲ್ಲ. ಕಟ್ಟು ಹಾಕಿಸಿ ಕೊಟ್ಟೆವು. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ದೇವರ ಮಾಡದ ಪಕ್ಕಕ್ಕೆ ಮೊಳೆ ಹೊಡೆದರು.

ನೆಗೆಟಿವ್ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಸೀಮೆಯಲ್ಲೇ ಹಳೆಯ ಸಾಕ್ಷಿ ಇದೆ. 1855ರಲ್ಲಿ ಮುಂಬೈ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಈ ಕಡೆಯ ಗುಡಿಗಳ ಚಿತ್ರ ತೆಗೆಯಲು ನೇಮಿಸಿತು. ಆತ ಬಳಸಿದ್ದು ಕಾಗದದ ನೆಗೆಟಿವ್. ಅವನ ನಂತರ ಆ ಕೆಲಸ ಡಾಕ್ಟರ್ ಪಿಗೂ ಕೈಗೆ ಬಂತು. ಧಾರವಾಡ ಮತ್ತು ಮೈಸೂರು ಸೀಮೆಯ ಶಿಲ್ಪದ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಇವರ ಚಿತ್ರಗಳ ದೊಡ್ಡ ಪುಸ್ತಕ ಬಂದಾಗ ಪಿಗೂ ತೀರಿಹೋಗಿದ್ದ. ತೆಗೆದವನು ಇಲ್ಲದಿದ್ದರೂ ಚಿತ್ರ ಬಂತು. ಅದಕ್ಕೇ ಲಕ್ಕುಂಡಿ, ಡಂಬಳದ ಗುಡಿಗಳು ಆಗ ಹೇಗಿದ್ದವು ಅಂತ ನಾವು ಇವತ್ತು ನೋಡಬಹುದು. ಗುಡಿಗೆ ಸಿಕ್ಕ ಆ ಭಾಗ್ಯ ನಮ್ಮ ಅಜ್ಜಿ, ಮುತ್ಯಾಗಳಿಗೂ ಸಿಗಬೇಕಲ್ಲವೇ?

ಆದರೆ ನಡೆಯುತ್ತಿರುವುದು ಬೇರೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯಿದೆ. ಆಸ್ಪತ್ರೆಯ ಹಳೇ ಎಕ್ಸ್‌ರೇ ಹಾಳೆಗಳನ್ನು ಗುಜರಿಯವರು ಕೊಳ್ಳುವುದು ಅದಕ್ಕೇ. ಅದೇ ಚೀಲದಲ್ಲಿ ಸ್ಟುಡಿಯೊದ ನೆಗೆಟಿವ್ ಹೋದರೆ ಕೈಗೆ ಬರುವ ರೊಕ್ಕ ಒಂದು ಹೊತ್ತಿನ ಚಹಾಕ್ಕೂ ಸಾಲದು.

ಮಾಡಬೇಕಾದದ್ದು ಸಣ್ಣದು. ನೆಗೆಟಿವನ್ನು ಅಂಚು ಹಿಡಿದೇ ಎತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಲಕೋಟೆ ಸಾಕು. ವಿನಿಗರಿನ ಹುಳಿ ವಾಸನೆ ಬಂದರೆ ಆ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ, ಅದನ್ನು ಬೇರೆ ಇಟ್ಟು ಮೊದಲು ನಕಲು ಮಾಡಿ. ಬಿಳೀ ಪರದೆಯ ಟ್ಯಾಬಿನಿಂದ ಒಂದಿಷ್ಟು ಎತ್ತರದಲ್ಲಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು ಬಣ್ಣ ತಿರುವಿದರೆ ಮುಖ ಕಾಣುತ್ತದೆ. ಕ್ಯಾಮೆರಾದೊಳಗೆ ಫಿಲ್ಮ್ ಸುತ್ತಿದ್ದಂತಿದ್ದರೆ ಹಿಂಬಾಗಿಲು ತೆಗೆಯಲೇಬೇಡಿ. ದಶಕಗಳ ನಂತರವೂ ಅದರಿಂದ ಚಿತ್ರ ಬರಬಹುದು.

ಎಲ್ಲಕ್ಕಿಂತ ಮುಖ್ಯ, ಹೆಸರು ಕೇಳಿ ಬರೆದುಕೊಳ್ಳಿ. ಫಿಲ್ಮು ಇನ್ನೂ ಐವತ್ತು ವರ್ಷ ಬಾಳೀತು. ಇದು ಯಾರ ಮದುವೆ, ತುದಿಯಲ್ಲಿ ನಿಂತಾಕೆ ಯಾರ ಅವ್ವ ಅಂತ ಹೇಳುವವರು ಅಷ್ಟು ದಿನ ನಮಗಾಗಿ ಕಾಯುವುದಿಲ್ಲ.